ಚೊಗರು ಕುಡಿದ ಗುಂಡಿ

ನಮ್ಮ ಮನೆಯಲ್ಲಿ ಒಲೆಯ ಮುಂದೆ ಕೂತವಳು ನಾನಲ್ಲ, ನನ್ನ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ. ಕಾನಸೂರಿನ ಹತ್ತಿರದ ಈ ಊರಿಗೆ ನಾನು ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಕೆಲಸ ಹಂಚಿದರು. ದೊಡ್ಡವಳಿಗೆ ಒಳಗಿನದು, ಸಣ್ಣವಳಿಗೆ ಹೊರಗಿನದು. ನಾನು ಮಾಡಿದ ಸಾರನ್ನು ಮಾವ ಮುಟ್ಟದೆ ಎದ್ದು ಹೋಗಿದ್ದರು, ಅದೇ ಕಾರಣ. ಅಲ್ಲಿಂದ ಮುಂದೆ ನಲವತ್ತು ವರ್ಷಕ್ಕೂ ಮಿಕ್ಕಿ ನಾನು ಗದ್ದೆ, ಕೊಟ್ಟಿಗೆ, ಕಂಡವರ ಮನೆಯ ಅಡಿಕೆ ಸುಲಿಯುವುದು ಎಂದು ಗಾಳಿಯಲ್ಲಿ ತಿರುಗಿದೆ. ಅವಳು ಹೊಗೆಯಲ್ಲಿ ಕೂತಳು. ಅವಳ ಪಾಲಿನದು ಸುಖದ ಕೆಲಸ ಎಂದೇ ನಾನು ಬಹಳ ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಮಳೆಗಾಲದಲ್ಲಿ ನಾನು ನೆನೆದು ನಡುಗುತ್ತ ಬಂದರೆ ಅವಳು ಬೆಂಕಿಯ ಮುಂದೆ ಬೆಚ್ಚಗೆ ಇರುತ್ತಿದ್ದಳಲ್ಲ.

ನಮ್ಮ ಅಡಿಗೆಮನೆಗೆ ಒಂದೇ ಕಿಟಕಿ, ಅದೂ ಅಂಗೈ ಅಗಲ. ಹೊಗೆ ಹೋಗಬೇಕಾದರೆ ಹಂಚಿನ ಸಂದಿಯಿಂದ ಹೋಗಬೇಕು, ಇಲ್ಲದಿದ್ದರೆ ಒಲೆ ಊದುವವಳ ಮೂಗಿನಿಂದ. ಅಕ್ಕನ ಕೆಮ್ಮು ಮೊದಲು ಬೆಳಗ್ಗೆ ಮಾತ್ರ ಇತ್ತು. ಆಮೇಲೆ ದಿನವಿಡೀ ಆಯಿತು. ಕೊನೆಗೆ ಬಾವಿಯಿಂದ ಅರ್ಧ ಕೊಡ ನೀರು ತಂದರೂ ಮೆಟ್ಟಿಲ ಮೇಲೆ ಕೂತು ಬಾಯಿ ಕಳೆದು ಉಸಿರೆಳೆಯುವ ಹಾಗಾಯಿತು. ಆಗ ನನ್ನ ಮಗ ಅವಳನ್ನು ಶಿರಸಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ಹೋಗಿದ್ದೆ.

ಡಾಕ್ಟರು ಎದೆಯ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು. "ಇವರು ಬೀಡಿ ಸೇದ್ತಾರಾ?" ಎಂದು ನನ್ನ ಮಗನನ್ನು ಕೇಳಿದರು.

ಅಕ್ಕನಿಗೆ ಸಿಟ್ಟು ಬಂತು. "ಬೀಡಿ ಸೇದ್ತಿದ್ದಂವ ನನ್ನ ಗಂಡ. ಅಂವ ಸತ್ತದ್ದು ಮರದಿಂದ ಬಿದ್ದು" ಎಂದಳು.

ಡಾಕ್ಟರು ನಗಲಿಲ್ಲ. "ಕಟ್ಟಿಗೆ ಒಲೆಯಾ?" ಎಂದರು. ಹೌದು ಎಂದೆವು. "ಹಾಳಾದದ್ದು ಹಾಳಾಯ್ತು. ಇನ್ನು ಹೊಗೆ ಬಿಟ್ರೆ ಉಳಿದದ್ದು ಉಳೀತದೆ. ಕೆಲವು ವರ್ಷ ಓಡಾಡ್ಕೊಂಡು ಇರ್ತಾರೆ. ಬಿಡದಿದ್ರೆ ನನ್ನ ಕೈಲಿ ಏನೂ ಇಲ್ಲ. ಔಷಧ ಕೊಡ್ತೇನೆ, ಆದರೆ ನಿಜವಾದ ಔಷಧ ಅಂದ್ರೆ ಹೊಗೆ ಬಿಡೋದು."

ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗೆ ಒಬ್ಬಳೇ ಮಗಳು, ಯಲ್ಲಾಪುರಕ್ಕೆ ಕೊಟ್ಟಿದ್ದು. ಮಗಳಿಗೆ ಹೇಳಬೇಡಿ ಎಂದಳು.

ಸಿಲಿಂಡರ್ ನಮ್ಮಲ್ಲಿ ಒಂದಿತ್ತು. ಅದರ ಗಾಡಿ ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಹಳ್ಳ ದಾಟಿ, ದಿಬ್ಬ ಹತ್ತಿ ಹೊತ್ತು ತರಬೇಕು. ಹಾಗಾಗಿ ಚಹಾಕ್ಕೆ, ನೆಂಟರು ಬಂದಾಗಿನ ತುರ್ತಿಗೆ ಎಂದು ಇಟ್ಟಿದ್ದೆವು. ಕೊಟ್ಟಿಗೆಯಲ್ಲಿ ಐದು ದನ ಇವೆ, ಗೋಬರ್ ಗ್ಯಾಸ್ ಮಾಡಿಸಿಬಿಡುವ ಎಂದ ನನ್ನ ಮಗ. ನಲವತ್ತಾದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಸೊಸೆ ಬಂದು ಒಲೆಯ ಮುಂದೆ ಕೂರುತ್ತಾಳೆ ಎಂಬ ಆಸೆ ಯಾರಿಗೂ ಉಳಿದಿರಲಿಲ್ಲ. ನನ್ನ ಗಂಡನೂ ತೀರಿಕೊಂಡಿದ್ದರು, ಮನೆಯಲ್ಲಿ ನಾವು ಮೂವರೇ. ನನ್ನ ಹೆಣ್ಣುಮಕ್ಕಳು, ಮೊಮ್ಮಕ್ಕಳು ಎಲ್ಲ ಬೇರೆ ಊರುಗಳಲ್ಲಿ.

ಗುಂಡಿ ಕಟ್ಟಲು ಬಂದ ಮೇಸ್ತ್ರಿ ಯಲ್ಲಾಪುರದ ಸಾಯಬರು. ಸಿಮೆಂಟು ತಂದ ಗಾಡಿಯೂ ಅವರ ತಮ್ಮನದೇ. ನೆಲದೊಳಗೆ ಮಡಕೆ ಕವುಚಿ ಹಾಕಿದ ಹಾಗೆ ಗುಮ್ಮಟ ಕಟ್ಟಿದರು. ಒಂದು ಕಡೆ ಸೆಗಣಿ ಕದಡಿ ಬಿಡುವ ತೊಟ್ಟಿ, ಇನ್ನೊಂದು ಕಡೆ ಗ್ಯಾಸು ಬಿಟ್ಟು ಉಳಿದ ಸೆಗಣಿ ನೀರು, ಅವರ ಮಾತಿನಲ್ಲಿ ಸ್ಲರಿ, ಹೊರಬರುವ ಬಾಯಿ, ಮೇಲಿಂದ ಅಡಿಗೆಮನೆಗೆ ಪೈಪು. ಕೆಲಸ ಚೊಕ್ಕ. ನನಗೆ ಅವರ ಮೇಲೆ ತಕರಾರು ಇದ್ದದ್ದು ಒಂದೇ. ನಮ್ಮ ಕಡೆ ಕೊಟ್ಟಿಗೆಗೆ ಬೆಟ್ಟದಿಂದ ತಂದ ಒಣ ಎಲೆ ಹಾಸುತ್ತೇವೆ. ದರಕು ಎನ್ನುತ್ತೇವೆ ಅದಕ್ಕೆ. ಅದು ಸೆಗಣಿ, ಗಂಜಲದ ಸಂಗಡ ತುಳಿಸಿಕೊಂಡು ಗೊಬ್ಬರವಾಗಬೇಕು. ಮೇಸ್ತ್ರಿ ಅದು ನಡೆಯುವುದಿಲ್ಲ ಎಂದರು. ಎಲೆ ಹೋದರೆ ಗುಂಡಿ ಕಟ್ಟಿಕೊಳ್ಳುತ್ತದೆ, ಬರೀ ಸೆಗಣಿ ಬೇಕು ಎಂದರು.

"ಗೊಬ್ಬರ ಎಲ್ಲಿಂದ ತರೂದು?" ಎಂದು ಕೇಳಿದೆ.

"ಗ್ಯಾಸ್ ಬಿಟ್ಟ ಮ್ಯಾಲೆ ಹೊರಗ ಬರೋದು ಗೊಬ್ಬರನ ರೀ ಅಜ್ಜಿ. ಉರಿನೂ ನಿಮ್ದ, ಗೊಬ್ಬರನೂ ನಿಮ್ದ."

"ದನಕ್ಕೆ ಹಾಸ್ಗೆ? ನಿಮ್ಮನೆಯಿಂದ ಚಾಪೆ ತತ್ತೀರಾ?"

"ತರ್ತೇನ್ರಿ. ಆದ್ರ ನಿಮ್ಮ ದನ ನಮಾಜು ಮಾಡ್ತಾವೇನು ಕೇಳ್ರಿ ಮೊದ್ಲ" ಎಂದರು. ಅಕ್ಕ ನಕ್ಕು ನಕ್ಕು ಕೆಮ್ಮಿದಳು. ಆ ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ಕರಣಿ ಕೆಳಗಿಟ್ಟು ಅವಳನ್ನೇ ನೋಡುತ್ತ ನಿಂತರು.

ಹೋಗುವ ದಿನ ಮೂವರನ್ನೂ ನಿಲ್ಲಿಸಿ ಪಾಠ ಹೇಳಿದರು. ಸೆಗಣಿ ಎಷ್ಟೋ ನೀರೂ ಅಷ್ಟೇ. ಸಾಬೂನಿನ ನೀರು ಹಾಕಬೇಡಿ, ಫಿನಾಯಿಲು ಹಾಕಬೇಡಿ, ಎಲೆ, ಕಸ, ಕಲ್ಲು ಬೀಳದ ಹಾಗೆ ನೋಡಿಕೊಳ್ಳಿ. ಒಳಗೆ ಕಣ್ಣಿಗೆ ಕಾಣದ ಹುಳ ಇರುತ್ತವೆ, ಅವು ಸೆಗಣಿ ತಿಂದು ಗ್ಯಾಸು ಬಿಡುತ್ತವೆ, ಹುಳ ಸತ್ತರೆ ಗ್ಯಾಸೂ ಸತ್ತಿತು ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಏನು ಹಾಕಬಹುದು ಎಂಬುದು ಅವರ ತಲೆಗೆ ಹೊಳೆಯದೆ ಹೋದದ್ದು ಅವರ ತಪ್ಪಲ್ಲ. ಅವರ ಮನೆಯಲ್ಲಿ ಅಡಿಕೆ ಬೇಯಿಸುವುದಿಲ್ಲ.

ಮೊದಲ ಸಲ ಉರಿ ಬಂದಾಗ ಅಕ್ಕ ಪಾತ್ರೆ ಇಡಲು ಒಪ್ಪಲಿಲ್ಲ. "ಸೆಗಣಿ ಉರಿಯಲ್ಲಿ ಅನ್ನ ಮಾಡೂದಾ? ನಂಗೆ ಮನಸ್ಸು ಬತ್ತಿಲ್ಲ."

"ಸೆಗಣಿ ಹಾಕಿ ಸಾರ್ಸಿದ ನೆಲದ ಮೇಲೆ ಕೂತು ಇಷ್ಟು ವರ್ಷ ಉಂಡ್ಯಲ್ಲೇ" ಎಂದೆ.

ಅವಳು ಮೊದಲು ಹಾಲು ಕಾಯಿಸಿದಳು. ಅದನ್ನು ಮೂಸಿ ನೋಡಿದಳು, ನನಗೆ ಕುಡಿಸಿದಳು. ನಾನು ಸಾಯಲಿಲ್ಲ ಎಂದು ಗೊತ್ತಾದ ಮೇಲೆ ಅನ್ನಕ್ಕೆ ಇಟ್ಟಳು.

ಆ ಮಳೆಗಾಲ ಅವಳಿಗೆ ಒಳ್ಳೆಯದಿತ್ತು. ಕಟ್ಟಿಗೆ ಒಲೆ ಹಚ್ಚಿದರೆ ಸ್ನಾನದ ಹಂಡೆಗೆ ಮಾತ್ರ, ಅದೂ ಹೊರಗೆ, ಅದು ನನ್ನ ಕೆಲಸ. ಎರಡು ತಿಂಗಳಲ್ಲಿ ಕೆಮ್ಮು ಬೆಳಗಿನ ಕೆಮ್ಮಾಯಿತು. ಮೂರನೆಯ ತಿಂಗಳು ಅವಳು ಒಬ್ಬಳೇ ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋಗಿ, ಮಗಳ ಸಂಗಡ ಚಂದಗುಳಿಯ ದೇವಸ್ಥಾನಕ್ಕೆ ಹೋಗಿ ಹರಕೆಯ ಗಂಟೆ ಕಟ್ಟಿ ಬಂದಳು. ಯಾವಾಗ ಹರಕೆ ಹೊತ್ತಿದ್ದಳೋ ನನಗೆ ಹೇಳಿರಲಿಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೀಗೇ ಇರಲಿ, ಮತ್ತೆ ಒಲೆಯ ಹತ್ತಿರ ಹೋಗಬೇಡಿ ಎಂದರು.

ದೀಪಾವಳಿ ಕಳೆದು ಚಳಿ ಬಿತ್ತು. ಉರಿ ಸಣ್ಣದಾಯಿತು. ಅನ್ನವಾಗಿ ಸಾರು ಕುದಿಯುವಷ್ಟರಲ್ಲಿ ಗ್ಯಾಸು ಮುಗಿಯುತ್ತಿತ್ತು. ಮಗ ಮೇಸ್ತ್ರಿಗೆ ಫೋನು ಮಾಡಿದ. ಚಳಿಗೆ ಹುಳ ಮೈಮುದುಡಿ ಕೂರುತ್ತವೆ, ತಣ್ಣೀರು ಬಿಟ್ಟು ಬೆಚ್ಚನೆಯ ನೀರಿನಲ್ಲಿ ಸೆಗಣಿ ಕದಡಿ ಎಂದರಂತೆ. ಮಗ ಅದನ್ನು ನನಗೆ ಹೇಳಿ ತೋಟಕ್ಕೆ ಹೋದ. ಸೆಗಣಿ ಕದಡುವುದು ನನ್ನ ಕೆಲಸವಾಗಿತ್ತು.

ಅದೇ ವಾರ ನಮ್ಮಲ್ಲಿ ಅಡಿಕೆ ಬೇಯಿಸಲು ಶುರುವಾಗಿತ್ತು. ನಮ್ಮದು ಸಣ್ಣ ತೋಟ. ಆದರೂ ಪಕ್ಕದ ಎರಡು ಮನೆಯವರ ಹಸಿ ಅಡಿಕೆಯನ್ನೂ ನಮ್ಮಲ್ಲೇ ಸುಲಿದು ಬೇಯಿಸುತ್ತೇವೆ. ಅಂಗಳದ ಮೂಲೆಯಲ್ಲಿ ದೊಡ್ಡ ತಾಮ್ರದ ಹಂಡೆ. ಒಂದಾದ ಮೇಲೊಂದು ಸಲ ಅಡಿಕೆ ಬೆಂದ ಹಾಗೆ ಅದರ ನೀರು ಕೆಂಪಾಗಿ, ದಪ್ಪವಾಗಿ, ನಾಲಿಗೆಗೆ ತಾಗಿದರೆ ಬಾಯಿ ಒಗರಾಗಿ ಕಚ್ಚಿಕೊಳ್ಳುತ್ತದೆ. ಅದು ಚೊಗರು. ಸ್ವಲ್ಪ ತೆಗೆದಿಟ್ಟು ಮುಂದಿನ ವರ್ಷದ ಅಡಿಕೆಗೆ ಬಣ್ಣ ಬರಲಿ ಎಂದು ಹಾಕುತ್ತೇವೆ, ಗೆದ್ದಲು ಹತ್ತದ ಹಾಗೆ ಮರಕ್ಕೆ ಬಳಿಯುತ್ತೇವೆ. ಉಳಿದದ್ದನ್ನು ಚೆಲ್ಲಬೇಕು. ಬಿಸಿ ನೀರನ್ನು ಸುಮ್ಮನೆ ಚೆಲ್ಲುವುದು ನನ್ನಿಂದ ಆಗುವ ಕೆಲಸವಲ್ಲ. ಅಡಿಕೆಯೂ ಗಿಡದ್ದೇ, ದನ ತಿನ್ನುವ ಹುಲ್ಲೂ ಗಿಡದ್ದೇ, ಗುಂಡಿಗೆ ಭೇದವೇನು ಎಂದುಕೊಂಡೆ. ಕೊಡದಲ್ಲಿ ತುಂಬಿ ತಂದು ಅದರಲ್ಲೇ ಸೆಗಣಿ ಕದಡಿ ಬಿಟ್ಟೆ. ಒಂದು ದಿನವಲ್ಲ, ಐದು ದಿನ.

ಮೊದಲ ದಿನ ಉರಿ ತುಸು ಎದ್ದ ಹಾಗೆ ಕಂಡಿತು. "ಯಲ್ಲಾಪುರದಿಂದ ಮೇಸ್ತ್ರಿ ಬರಬೇಕಾ ಇದಕ್ಕೆ? ನಂಗೇ ಗೊತ್ತು" ಎಂದು ಮಗನ ಮುಂದೆ ಎದೆ ಉಬ್ಬಿಸಿದೆ. ಬೆಚ್ಚನೆಯ ನೀರು ಯಾವುದು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಆರನೆಯ ದಿನ ಉರಿ ಹಳದಿಯಾಯಿತು. ಮರುದಿನ ಕಡ್ಡಿ ಗೀರಿದರೆ ಹತ್ತಿದ ಹಾಗೆ ಮಾಡಿ ಆರಿಹೋಯಿತು. ಆಮೇಲೆ ಅದೂ ಇಲ್ಲ.

ಮನೆಯಲ್ಲಿ ಅಡಿಕೆ ಸುಲಿಯುವವರು ಎಂಟು ಮಂದಿ. ಅವರಿಗೆ ಎರಡು ಹೊತ್ತಿನ ಊಟ, ಮೂರು ಹೊತ್ತಿನ ಚಹಾ. ಸಿಲಿಂಡರ್ ಹನ್ನೆರಡೇ ದಿನಕ್ಕೆ ಮುಗಿಯಿತು. ಬುಕ್ ಮಾಡಿದರೆ ಗಾಡಿ ಈ ವಾರ ಬರುತ್ತದೆ, ಮುಂದಿನ ವಾರ ಬರುತ್ತದೆ ಎಂದರು. ಅಕ್ಕ ಯಾರನ್ನೂ ಕೇಳದೆ ಹಳೆಯ ಒಲೆಯ ಬೂದಿ ತೆಗೆದು ಕಟ್ಟಿಗೆ ಒಟ್ಟಿದಳು.

"ನೀ ಏಳು, ನಾ ಮಾಡ್ತೆ" ಎಂದೆ.

"ನೀ ಅಡ್ಗೆ ಮಾಡಿದ್ರೆ ಸುಲಿಯೋರು ನಾಳಿಂದ ಬರೂದಿಲ್ಲ. ಹೋಗು, ಹಂಡೆ ನೋಡು" ಎಂದಳು.

ನಾನು ಹೋದೆ. ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೂ ಹೊಗೆ ತುಂಬುವುದು ಅದೇ ಅಡಿಗೆಮನೆ, ಅವಳು ಮಲಗುವುದು ಅದರ ಪಕ್ಕದ ಕೋಣೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇನ್ನು ಬರೆಯಬೇಕಾದ್ದನ್ನು ಬರೆಯುತ್ತೇನೆ. ಉರಿ ಆರಿದ ದಿನವೇ ನಾನು ತೊಟ್ಟಿಯ ಹತ್ತಿರ ಹೋಗಿ ನೋಡಿದೆ. ಸೆಗಣಿಯ ವಾಸನೆ ಇರಲಿಲ್ಲ, ಹುಳಿ ವಾಸನೆ ಇತ್ತು. ತೊಟ್ಟಿಯ ಗೋಡೆಗೆ ಚೊಗರಿನ ಕೆಂಪು ಹತ್ತಿ ನಿಂತಿತ್ತು. ಗೆದ್ದಲನ್ನೇ ಹತ್ತಗೊಡದ ನೀರು ಒಳಗಿನ ಹುಳವನ್ನು ಬಿಟ್ಟೀತೇ? ಅದು ತಿಳಿಯಲು ಶಾಲೆ ಕಲಿಯಬೇಕಾಗಿಲ್ಲ. ನಿಂತಲ್ಲೇ ನನಗೆ ತಿಳಿಯಿತು. ನಾನು ತೆಂಗಿನ ನಾರಿನ ಜುಂಗು ತಂದು ತೊಟ್ಟಿಯ ಗೋಡೆಯನ್ನು ತಿಕ್ಕಿ ತೊಳೆದೆ.

ಊರಿನಲ್ಲಿ ನನಗೆ ಬಾಯಿಬಡುಕಿ ಎಂದು ಹೆಸರು. ಕಂಡದ್ದನ್ನು ಮುಖದ ಮೇಲೆ ಹೇಳುತ್ತೇನೆ ಎಂದು ನಾನೂ ಹೇಳಿಕೊಂಡು ತಿರುಗಿದವಳೇ. ಹೇಳುತ್ತಿದ್ದದ್ದು ಬೇರೆಯವರ ತಪ್ಪನ್ನು ಎಂದು ಆವತ್ತು ಗೊತ್ತಾಯಿತು.

ಮಗ ಪೈಪಿನಲ್ಲಿ ನೀರು ಕೂತಿರಬೇಕೆಂದು ಪೈಪು ಬಿಚ್ಚಿ ಊದಿದ. ಒಲೆಯ ಬರ್ನರು ಕಳಚಿ ತೊಳೆದ. ಗುಮ್ಮಟ ಬಿರುಕು ಬಿಟ್ಟಿರಬೇಕೆಂದು ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ನೋಡಿದ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಮೇಸ್ತ್ರಿಗೆ ಹಾನಗಲ್ಲಿನ ಕಡೆ ಕೆಲಸ ಹಿಡಿದಿತ್ತು, ಅವರು ಬರಲು ಮೂರು ವಾರ ಕಳೆಯಿತು. ಅಷ್ಟರಲ್ಲಿ ಅಕ್ಕ ಕೂತೇ ನಿದ್ದೆ ಮಾಡಲು ಶುರು ಮಾಡಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಮೇಸ್ತ್ರಿ ಬಂದವರೇ ಕೋಲು ಇಳಿಬಿಟ್ಟು ಕಲಸಿ, ಮೇಲೆ ಬಂದದ್ದನ್ನು ಬೆರಳಿಗೆ ಹಚ್ಚಿ ಮೂಸಿದರು. "ಅಜ್ಜಿ, ಇದ್ರಾಗ ಏನ್ ಹಾಕೀರಿ?"

"ಸೆಗಣಿ."

"ಮತ್ತ?"

"ನೀರು."

"ಎಂಥಾ ನೀರು?"

ಅಡಿಗೆಮನೆಯ ಹಿಂಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದ ಅಕ್ಕ ಹೇಳಿದಳು. "ಅಡಿಕೆ ಬೇಯ್ಸಿದ ನೀರು. ಮೊದ್ಲಿನ ದಿನವೇ ನೋಡಿದ್ದೆ. ಕೊಡದ ಬಾಯಿ ಕೆಂಪಾಗಿತ್ತು."

ಮೇಸ್ತ್ರಿ ಕೋಲನ್ನು ಗೋಡೆಗೆ ಒರಗಿಸಿದರು. "ಹುಳ ಎಲ್ಲ ಸತ್ತಾವ್ರಿ. ಆವತ್ತ ಫೋನ್ ಮಾಡಿ ಇದನ್ನ ಹೇಳಿದ್ರ, ಮ್ಯಾಲಿಂದು ತಗದು ಹೊಸ ಸೆಗಣಿ ಹಾಕಿ ಬದುಕಸ್ತಿದ್ದೆ. ಈಗ ಪೂರಾ ಖಾಲಿ ಮಾಡಬೇಕು."

ಮಗ ನನ್ನ ಮುಖ ನೋಡಿದ. "ಅವ್ವ, ನಾ ಪೈಪು ಬಿಚ್ಚೂ ಹೊತ್ತಿಗೆ ನೀ ಅಲ್ಲೇ ನಿಂತಿದ್ಯಲೇ" ಎಂದ. ಸೀದಾ ಬಕೆಟ್ಟು ತರಲು ಹೋದ.

ಮೂರು ದಿನ ಬಕೆಟ್ಟಿನಲ್ಲಿ ಎತ್ತಿ ಗುಂಡಿ ಖಾಲಿ ಮಾಡಿದರು. ಸೋಂದಾದ ಒಂದು ಮನೆಯಿಂದ, ಚೆನ್ನಾಗಿ ಉರಿಯುತ್ತಿದ್ದ ಗುಂಡಿಯ ಸ್ಲರಿಯನ್ನು ಡ್ರಮ್ಮಿನಲ್ಲಿ ತಂದು, ಹಾಲಿಗೆ ಹೆಪ್ಪು ಹಾಕುವ ಹಾಗೆ ಹೊಸ ಸೆಗಣಿಗೆ ಬೆರೆಸಿದರು. ಈ ಚಳಿಯಲ್ಲಿ ಒಂದು ತಿಂಗಳಾದರೂ ಬೇಕು ಎಂದರು ಮೇಸ್ತ್ರಿ. ಹೋಗುವಾಗ ನನ್ನ ಹತ್ತಿರ ಅಲ್ಲ, ಮಗನ ಹತ್ತಿರ ಹೇಳಿದರು. "ಅಲ್ಲೀ ತನಕ ಆ ಅಮ್ಮನ್ನ ಇಲ್ಲಿ ಇಡಬ್ಯಾಡ್ರಿ. ಮಗಳ ಮನಿಗೆ ಕಳಸ್ರಿ."

ಅಕ್ಕ ಹೋಗಲಿಲ್ಲ. ಅಡಿಕೆ ಮುಗಿಯಲಿ ಎಂದಳು. ಸುಲಿಯುವವರ ಅನ್ನಕ್ಕೆ ಯಾರು ಎಂದಳು. ಆ ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಾಗ ಹತ್ತಿರ ಹೋಗಿ ಕೂತೆ. "ನೋಡಿದ್ದೆ ಅಂದ್ರೆ ಎಂತಕ್ಕೆ ಹೇಳಲಿಲ್ಲ?" ಎಂದು ಕೇಳಿದೆ. ಕೇಳುವ ಯೋಗ್ಯತೆ ನನಗಿರಲಿಲ್ಲ, ಆದರೂ ಕೇಳಿದೆ.

"ಹೇಳಿದ್ರೆ ನೀ ಎಂತ ಮಾಡ್ತಿದ್ದೆ? ಇಲ್ಲ ಅಂತಿದ್ದೆ. ಜಗಳ ಆಗ್ತಿತ್ತು." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ನಿನ್ನ ಸಂಗ್ತಿಗೆ ಜಗಳ ಮಾಡೂಕೆ ದಮ್ಮು ಬೇಕು ಮಾರಾಯ್ತಿ. ನಂಗೆ ಎಲ್ಲಿ ಉಂಟು? ನೀನೇ ಹೇಳ್ತೆ ಅಂತ ಕಾದೆ."

ಹೊಸ ಸಿಲಿಂಡರ್ ಬಂದಾಗ ಸಂಕ್ರಾಂತಿಗೆ ಎರಡು ದಿನ ಇತ್ತು. ಸಂಕ್ರಾಂತಿಯ ಮರುದಿನ ಅವಳ ತುಟಿ ಕಪ್ಪಾಯಿತು. ಶಿರಸಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮೂಗಿಗೆ ಗಾಳಿ ಕೊಟ್ಟರು. ಅಲ್ಲಿಂದ ಮಗಳು ಬಂದು ಯಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಹೊರಡುವಾಗ ಅಕ್ಕ ನನಗೆ ಹೇಳಿದ್ದು, ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ಹಾಕಬೇಡ ಎಂದು.

ಗುಂಡಿಗೆ ಜೀವ ಬಂದದ್ದು ಮಾಘದಲ್ಲಿ. ಮಗ ಕೂಡಲೇ ಫೋನು ಮಾಡಿದ. "ದೊಡ್ಡವ್ವಾ, ಉರಿ ಬಂತು!"

ಆ ಕಡೆಯಿಂದ ಸಣ್ಣ ದನಿ ಬಂತು. "ಬಣ್ಣ ಎಂತದು?"

"ನೀಲಿ."

"ಹಾಂಗಾದ್ರೆ ಬತ್ತೆ. ಎಂಟು ದಿನ ಬಿಟ್ಟು ಬತ್ತೆ" ಎಂದಳು. ಆರನೆಯ ದಿನಕ್ಕೆ ಮಗಳ ಮನೆಯಲ್ಲೇ ತೀರಿಕೊಂಡಳು.

ಆಮೇಲೆ ಒಂದು ಸಲ ನನ್ನ ಮಂಡಿ ತೋರಿಸಲು ಅದೇ ಡಾಕ್ಟರ ಹತ್ತಿರ ಹೋಗಿದ್ದೆ. ನಡೆದದ್ದನ್ನು ಹೇಳಿದೆ. ಅವರು, ನಲವತ್ತು ವರ್ಷದ ಹೊಗೆ ಅಮ್ಮ ಅದು, ನೀವು ಹಾಗೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಎಂದರು. ಒಳ್ಳೆಯವರು. ಆದರೆ ಹೊಗೆ ಬಿಟ್ಟರೆ ಕೆಲವು ವರ್ಷ ಇರುತ್ತಾರೆ ಎಂದು ಹೇಳಿದ ಬಾಯಿಯೂ ಅದೇ. ನಲವತ್ತು ವರ್ಷದ್ದು ಅತ್ತೆ ಹಂಚಿದ ಕೆಲಸದ ಹೊಗೆ. ಕೊನೆಯ ಒಂದು ಚಳಿಗಾಲದ್ದು ನನ್ನದು. ನನಗೆ ಇಷ್ಟು ಲೆಕ್ಕ ಬರುತ್ತದೆ.

ದಿನಕರ್ಮ ಎಲ್ಲ ಮುಗಿದು ಹದಿನೈದು ದಿನದ ಮೇಲೆ ಅಕ್ಕನ ಮಗಳು ತಾಯಿಯ ಸೀರೆ ಒಯ್ಯಲು ಬಂದಳು. ಟ್ರಂಕು ಬಿಚ್ಚಿ ಸೀರೆ ಮಡಚುತ್ತ ಕೂತಿದ್ದಳು. "ಚಿಕ್ಕವ್ವ, ಚಳಿಗೆ ಗ್ಯಾಸು ನಿಂತುಹೋಯ್ತು ಅಂತ ಅವ್ವ ಹೇಳಿತ್ತು. ನಮ್ಮ ಕಡೆಯೂ ಚಳಿಯೇ. ಯಾರ ಮನೇಲೂ ಪೂರಾ ನಿಂತದ್ದು ನಾ ಕೇಳಲಿಲ್ಲ" ಎಂದಳು.

ಅಕ್ಕ ಮಗಳಿಗೂ ಹೇಳಿರಲಿಲ್ಲ. ನನ್ನ ಮಗನೂ ಹೇಳಿರಲಿಲ್ಲ. ನಾನು ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದೆ. ಮೊದಲಿನಿಂದ ಹೇಳಿದೆ. ಚೊಗರಿನ ನೀರು ಹಾಕಿದ್ದು, ಉರಿ ಆರಿದ್ದು, ತೊಟ್ಟಿ ತೊಳೆದದ್ದು, ಮೂರು ವಾರ ಬಾಯಿ ಮುಚ್ಚಿಕೊಂಡಿದ್ದು. ಅವಳು ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. ಕೊನೆಯದನ್ನು ಮಡಚಿ ಇಟ್ಟ ಮೇಲೆ ಕೇಳಿದಳು.

"ಹಾಕಿದ್ದು ಗೊತ್ತಿಲ್ದೇ ಹಾಕಿದೆ. ತೊಳ್ದದ್ದು?"

"ಗೊತ್ತಿದ್ದೇ" ಎಂದೆ.

"ಆಮೇಲೂ ಅವ್ವ ಒಲೆ ಊದೂದು ನೋಡ್ತಾ ಸುಮ್ಮನಿದ್ಯಾ?"

"ಹೌದು."

ಅವಳು ಚೀಲ ಕಟ್ಟಿದಳು. ಚಹಾ ಕುಡಿದು ಹೋಗು ಎಂದೆ. ಅವಳು ಚೀಲ ಎತ್ತಿಕೊಂಡು ಅಂಗಳಕ್ಕೆ ಇಳಿದಳು. ನನ್ನ ಮಗ ಸಂಜೆಯ ಬಸ್ಸಿಗೆ ಬಿಟ್ಟು ಬಂದ. ದಾರಿಯಲ್ಲಿ ಎಂತಾದರೂ ಹೇಳಿದಳಾ ಎಂದು ಕೇಳಿದೆ. "ಇಲ್ಲ" ಎಂದ. ಈಗ ಅವಳು ಅವನಿಗೆ ಆಗಾಗ ಫೋನು ಮಾಡುತ್ತಾಳೆ, ದನ, ತೋಟ, ಮಳೆ ಎಲ್ಲ ವಿಚಾರಿಸುತ್ತಾಳೆ. ನನ್ನನ್ನು ಕೇಳುವುದಿಲ್ಲ. ಫೋನು ಕೊಡು ಎಂದು ನಾನೂ ಕೈ ಚಾಚುವುದಿಲ್ಲ.